ಸತ್ಯದ ವಾರದಲ್ಲಿ ಬಂದ ಬೀಗಿತ್ತಿ

ತೋದ್ರೋಸನ ಮನೆಯಲ್ಲಿ ವಾರಗಳಿಗೆ ಹೆಸರಿದ್ದವು. ಹದಿಮೂರು ಗುಣ, ಹದಿಮೂರು ವಾರ. ಮುಗಿದರೆ ಮತ್ತೆ ಮೊದಲಿನಿಂದ. ನೇಮನ್ ನದಿಯ ದಂಡೆಯ ಆ ಊರಿನಲ್ಲಿ ಹನ್ನೆರಡು ಯೆಹೂದಿ ಗಂಡಸರು ಪ್ರತಿ ಶನಿವಾರ, ಶಬ್ಬಾತ್ ಎಂಬ ವಿಶ್ರಾಂತಿ ದಿನದ ಸಂಜೆ, ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಕೂತು ಮನಸ್ಸು ತಿದ್ದಿಕೊಳ್ಳುತ್ತಿದ್ದರು. ವಾರಕ್ಕೊಂದು ಗುಣ ಹಿಡಿದು, ಗುಣಗಳ ಪುಸ್ತಕದಿಂದ ಅದರ ಒಂದು ಸಾಲನ್ನು ಅಳುವ ರಾಗದಲ್ಲಿ ಹೇಳಿ ಹೇಳಿ ಎದೆಗಿಳಿಸಿಕೊಳ್ಳಬೇಕು ಎಂಬುದು ಅವರ ನೇಮ. ತಗಡಿನ ಕೆಲಸದ ತೋದ್ರೋಸ್ ಅವರಲ್ಲೆಲ್ಲ ಶ್ರದ್ಧಾವಂತ. ಆ ಶ್ರದ್ಧೆಯ ಫಲ ಉಂಡವಳು ಮಾತ್ರ ಹೆಂಡತಿ ಬಾದನ.

ಮೌನದ ವಾರದಲ್ಲಿ ಒಲೆಯ ಕಿಡಿ ಬಿದ್ದು ಅವಳ ಲಂಗ ಹೊತ್ತಿಕೊಂಡಾಗ ಗಂಡ ಬಾಯಿ ಬಿಡದೆ ಬೆರಳು ತೋರಿಸಿದ್ದ. ವಿನಯದ ವಾರದಲ್ಲಿ ಪ್ರಾರ್ಥನಾಮಂದಿರದ ಪೂರ್ವದ ಗೋಡೆಯ ಗೌರವದ ಪೀಠಗಳೆಲ್ಲ ಖಾಲಿ. ಬಾಗಿಲ ಬಳಿಯ ಕಡೇ ಬೆಂಚಿಗಾಗಿ ಹನ್ನೆರಡು ಜನ ತಳ್ಳಾಡಿ ಒಬ್ಬ ಮುದುಕನ ಮೊಣಕೈ ಉಳುಕಿತ್ತು. ಔದಾರ್ಯದ ವಾರದಲ್ಲಂತೂ ಬಾದನಳ ಗರಿಯ ದಿಂಬು, ಮೀನು ಬೇಯಿಸುವ ಪಾತ್ರೆ, ಪಿಂಗಾಣಿ ತಟ್ಟೆಗಳು ಎಲ್ಲ ಬಡವರ ಪಾಲಾದವು. ಮನೆಯಲ್ಲಿ ಉಳಿದದ್ದು ಅವನೇ ಬಡಿದ ತಗಡಿನ ತಟ್ಟೆಗಳು.

"ಹೋಗಿದ್ದೆಲ್ಲಾ ನನ್ನ ಸಾಮಾನೇ ಅಲ್ವೇನ್ರೀ? ನಿಮ್ಮದೂ ಒಂದು ಕೊಡಿ ನೋಡೋಣ," ಎಂದಿದ್ದಳು ಬಾದನ.

"ನನ್ನದು ಅಂತ ಈ ಲೋಕದಲ್ಲಿ ಏನಿದೆ?" ಎಂದು ಅವನು ಕಣ್ಣುಮುಚ್ಚಿ ಹೇಳಿದ್ದ.

ಈಗ ಸತ್ಯದ ವಾರ. ಸೋಮವಾರ ಮದುವೆ ದಲ್ಲಾಳಿ ಗೆತ್ಸೆಲ್ ಏದುಸಿರು ಬಿಡುತ್ತ ಬಂದ. "ಬಾದನಮ್ಮ, ಬುಧವಾರ ಹಿಟ್ಟಿನಂಗಡಿ ರಾಶ್ಕೆ ಮಗನ್ನ ಕರ್ಕೊಂಡು ಹುಡುಗಿ ನೋಡೋಕೆ ಬರ್ತಾಳೆ!"

ಬಾದನ ಲೆಕ್ಕ ಹಾಕಿದಳು: ಬುಧವಾರವೂ ಸತ್ಯದ ವಾರದಲ್ಲೇ. ಮಗಳು ಪೇಶಾಳಿಗೆ ಐದು ಸಂಬಂಧ ತಪ್ಪಿಹೋಗಿದ್ದವು. ಈ ರಾಶ್ಕೆಯ ಮಗ ಜಾವೆಲ್ ಬೇಸಿಗೆಯಲ್ಲಿ ಒಂದೇ ಕೆಟಲನ್ನು ಮೂರು ಸಲ ತೂತು ಮುಚ್ಚಿಸಲು ತಂದಿದ್ದ. ಪೇಶಾ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅವನು ಬಂದುಹೋದ ದಿನ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ಅಷ್ಟೆ. ಹೆತ್ತವಳಿಗೆ ಅಷ್ಟು ಸಾಲದೇ?

"ರೀ, ಸತ್ಯಾನ ಒಂದು ವಾರ ಮುಂದಕ್ಕೆ ಹಾಕಿ," ಎಂದು ಗೋಗರೆದಳು.

"ಹಾಕೋಕೆ ಅದೇನು ಹಲ್ಲು ಕೀಳಿಸೋ ಕೆಲಸಾನಾ?"

"ಹಂಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ಮೌನದ ವಾರ ಮುಗೀತಲ್ಲ," ಎಂದ ತೋದ್ರೋಸ್.

ಬುಧವಾರ ರಾಶ್ಕೆ ಬಂದು ಕೂತಾಗ ಬೆಂಚು ನರಳಿತು. ಪಕ್ಕದಲ್ಲಿ ಜಾವೆಲ್, ಕಣ್ಣೆಲ್ಲ ಅಡುಗೆಮನೆಯ ಪರದೆಯ ಮೇಲೆ.

"ಹುಡುಗಿಗೆ ಇಪ್ಪತ್ತೆರಡು," ಎಂದು ಶುರು ಮಾಡಿದ ಗೆತ್ಸೆಲ್.

"ಇಪ್ಪತ್ತೇಳು. ಹನುಕ್ಕಾ ಹಬ್ಬಕ್ಕೆ ಇಪ್ಪತ್ತೆಂಟು," ಎಂದ ತೋದ್ರೋಸ್. ಗೆತ್ಸೆಲನಿಗೆ ಚಹಾ ನೆತ್ತಿಗೇರಿತು.

"ಅಡುಗೆ ಹೆಂಗೆ?" ರಾಶ್ಕೆ ಕೇಳಿದಳು.

"ಅಯ್ಯೋ, ಬೆರಳು ಚೀಪ್ಕೋಬೇಕು!" ಎಂದು ಬಾದನ ಮುಂದೆ ಬಿದ್ದಳು.

"ಉಪ್ಪು ಜಾಸ್ತಿ," ಎಂದ ಗಂಡ. "ಉಪ್ಪಲ್ಲಿ ನೆನೆಸಿಟ್ಟ ಹೆರಿಂಗ್ ಮೀನಿಗೇ ಬಾಯಾರಿಕೆ ಆಗ್ಬೇಕು, ಅಷ್ಟು."

"ಸಿಟ್ಟು?"

"ಜರಡಿ ಎಸೆದಿದ್ದಾಳೆ."

"ಯಾರ ಮೇಲೆ?"

ತೋದ್ರೋಸ್ ಟೋಪಿ ಓರೆ ಮಾಡಿ ಹಣೆಯ ಗಾಯದ ಗುರುತು ತೋರಿಸಿದ.

ಬಾದನ ಗಂಡನ ಮುಖ ನೋಡಿದಳು. ಆ ಮುಖ ಬೆಳಗುತ್ತಿತ್ತು! ಶಬ್ಬಾತ್ ಸಂಜೆ ಹನ್ನೊಂದು ಜನರ ಮುಂದೆ ಈ ಕಥೆ ಹೇಳುವ ಗಳಿಗೆಯನ್ನು ಈಗಲೇ ಚಪ್ಪರಿಸುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬದುಕನ್ನು ಬಡಿದು ತನಗೊಂದು ಕಿರೀಟ ಮಾಡಿಕೊಳ್ಳುತ್ತಿದ್ದಾನೆ. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಅಷ್ಟರಲ್ಲಿ ರಾಶ್ಕೆ ಎದ್ದು ಶಾಲು ಹೊದ್ದುಕೊಳ್ಳತೊಡಗಿದಳು. ಜಾವೆಲನ ಮುಖ ಬಾಡಿತು.

ಪರದೆ ಸರಿಸಿ ಪೇಶಾ ಬಂದಳು.

"ಅಪ್ಪ ಹೇಳಿದ್ದೆಲ್ಲಾ ನಿಜ," ಎಂದಳು. "ಅಪ್ಪಾ, ಇನ್ನೊಂದು ಕೇಳ್ತೀನಿ, ಅದಕ್ಕೂ ನಿಜ ಹೇಳು. ನಾನು ಈ ಮನೆ ಬಿಟ್ಟು ಹೋಗೋದು ನಿನಗೆ ಇಷ್ಟಾನಾ?"

ತೋದ್ರೋಸ್ ಮೆಲ್ಲಗೆ ವಾರದ ಸಾಲನ್ನು ಅಳುವ ರಾಗದಲ್ಲಿ ಗುನುಗಿದ. ಈ ಸಲ ಅಳು ರಾಗದ್ದಾಗಿರಲಿಲ್ಲ.

"ಇಲ್ಲ," ಎಂದ. "ನನ್ನ ಕಣ್ಣು ಮಂಜಾಗಿ ನಾಲ್ಕು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಇವಳು ತಗಡು ಹಿಡಿದ್ರೆ ಮಾತ್ರ ನನ್ನ ಸುತ್ತಿಗೆ ತಪ್ಪಲ್ಲ. ಬೆಸುಗೆ ಎಲ್ಲಾ ಇವಳದ್ದೇ. ಅದಕ್ಕೇ ಆ ಐದು ಸಂಬಂಧಕ್ಕೂ ಏನೋ ಒಂದು ಕೊಂಕು ತೆಗೆದೆ. ಆ ಕೆಟಲಿನ ತೂತು ಮೊಳೆ ಹೊಡೆದು ಮಾಡಿದ್ದು ಅಂತ ಮೊದಲನೇ ಸಲಾನೇ ಬೆರಳಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಹುಡುಗನ್ನ ಒಳಗೆ ಕರೀಲಿಲ್ಲ."

 ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಬಾದನಳಿಗೆ ಗೊತ್ತಾಗಿರಲಿಲ್ಲ.

ರಾಶ್ಕೆ ಮಗನತ್ತ ತಿರುಗಿದಳು. "ಏನೋ? ನನ್ನ ಕೆಟಲಿಗೆ ಮೊಳೆ ಹೊಡೆದ್ಯಾ?"

"ಮೂರು ಸಲ, ಅಮ್ಮಾ."

ರಾಶ್ಕೆ ಶಾಲು ತೆಗೆದು ಮತ್ತೆ ಕೂತಳು. "ಹೆತ್ತಪ್ಪನಿಗೇ ಬಿಟ್ಟುಕೊಡೋಕೆ ಮನಸ್ಸಿಲ್ಲ ಅಂದ್ರೆ ಹುಡುಗಿ ಅಪರಂಜಿ. ಉಪ್ಪಿನ ಡಬ್ಬ ನನ್ನ ಕೈಲಿರುತ್ತೆ, ಬಿಡಿ. ಬಾದನಮ್ಮ, ತಟ್ಟೆ ತನ್ನಿ!"

ಅವರ ಪದ್ಧತಿಯಲ್ಲಿ ಎರಡೂ ಕಡೆಯ ತಾಯಂದಿರು ಒಂದೇ ತಟ್ಟೆ ಹಿಡಿದು ನೆಲಕ್ಕೆ ಹಾಕಿ ಒಡೆದರೇ ಮಾತು ಗಟ್ಟಿ. ಸಂಭ್ರಮದಲ್ಲಿ ಬಾದನ ಕೈಗೆ ಸಿಕ್ಕಿದ್ದನ್ನು ತಂದಳು. ಇಬ್ಬರೂ ಎತ್ತಿ ಹಾಕಿದರು. ಠಣ್ ಎಂದು ತಗಡು ಹಾರಿ ಗೆತ್ಸೆಲನ ಮೊಣಕಾಲಿಗೆ ಬಡಿಯಿತು. ಎರಡನೆಯ ಸಲ ಅಂಚು ಸೊಟ್ಟಗಾಯಿತು, ಅಷ್ಟೆ.

"ಒಡೆಯೋ ತಟ್ಟೆ ಒಂದೂ ಇಲ್ವೇನ್ರಿ ಈ ಮನೇಲಿ?" ರಾಶ್ಕೆಗೆ ಗಾಬರಿ.

ತೋದ್ರೋಸ್ ಎದ್ದ. ಗೋಡೆಯ ಗೂಡಿನೊಳಗೆ ಕೈಹಾಕಿ, ಗುಣಗಳ ಪುಸ್ತಕದ ಹಿಂದಿನಿಂದ ನೀಲಿ ಅಂಚಿನ ಪಿಂಗಾಣಿ ತಟ್ಟೆಯೊಂದನ್ನು ತೆಗೆದ. ಅವನ ತಾಯಿಯದು. ಔದಾರ್ಯದ ವಾರದಲ್ಲಿ ಬಚ್ಚಿಟ್ಟದ್ದು.

"ಔದಾರ್ಯ ಮುಂದಿನ ವಾರ ಅಲ್ವಾ?" ಎಂದಳು ಬಾದನ, ಬಿಡದೆ.

"ಈ ಸಲ ಬೇಗ ಬಂತು ಕಣೇ," ಎಂದು ಮಗಳತ್ತ ನೋಡುತ್ತಲೇ ತಟ್ಟೆಯನ್ನು ಕೊಟ್ಟ.

ಅದು ಒಂದೇ ಏಟಿಗೆ ಒಡೆಯಿತು. ಎಲ್ಲರೂ "ಮಝಲ್ ತೋವ್! ಶುಭವಾಗಲಿ!" ಎಂದು ಕೂಗುತ್ತಿದ್ದಾಗ ತೋದ್ರೋಸ್ ಮಂಡಿಯೂರಿ ಚೂರುಗಳಿಗಾಗಿ ನೆಲವನ್ನು ತಡಕುತ್ತಿದ್ದ. ಬಾದನ ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

"ಬಿಡಿ, ಕೈ ಕುಯ್ಕೋತೀರಿ," ಎಂದಳು. "ನಾಳೆಯಿಂದ ತಗಡು ನಾನು ಹಿಡೀತೀನಿ."