ಟೇಪಕ್ಕನ ಗುರುವಾರಗಳು

ವಯಸ್ಸಾದವರನ್ನು ನೋಡಿಕೊಳ್ಳುವ ಆ ಹಗಲುಮನೆಯವರು ಬರದಿದ್ದರೆ ಸಾಕು ಎಂದುಕೊಳ್ಳುತ್ತಲೇ ಅವಳು ಬಾಡಿಗೆ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ದೊಡ್ಡಮ್ಮನ ಹೊಲಿಗೆ ಅಂಗಡಿಯ ಗೋಡೆಯುದ್ದಕ್ಕೂ ಇಡುತ್ತಿದ್ದಳು. ಹಿಂದಿನ ದಿನ ಡೈರಿಯಲ್ಲಿ, ದೊಡ್ಡಮ್ಮ ತೀರಿಕೊಂಡಳು ಎಂಬ ಸಾಲಿನ ಕೆಳಗೆ, ಇದನ್ನೇ ಬರೆದಿದ್ದಳು. ಬರೆದ ಮೇಲೆ ನಾಚಿಕೆಯಾಗಿ ಹೊಡೆದುಹಾಕಿದ್ದಳು. ಅಳಬೇಕಾದ ಹೊತ್ತಿನಲ್ಲೂ ತನ್ನ ಸುಳ್ಳು ಬಯಲಾದೀತೆಂಬ ಭಯವೇ ಮುಂದಾಗಿತ್ತಲ್ಲ!

“ಏ ಡಿಗ್ರಿ, ಬಾಗಿಲಿಗೆ ಅಡ್ಡ ಇಡ್ತಿದೀಯಲ್ಲೇ. ಅವಳನ್ನ ಹೊರಗೆ ತರೋದು ಹೇಗೆ? ಅಳತೆ ನೋಡಿ ಇಡು,” ಎಂದಳು ಕಂಡಕ್ಟರಕ್ಕ. ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ದನಿ ಅದು. ಹೇಳಿದವಳ ಕಣ್ಣೇ ತುಂಬಿಬಂತು. “ನೋಡು, ಈ ಅಂಗಡಿಗೆ ಬಂದ್ರೆ ಅಳತೆ ಅನ್ನೋ ಮಾತೇ ಬಾಯಿಗೆ ಬರುತ್ತೆ.”

ಮಹಡಿಯ ಮೆಟ್ಟಿಲು ಕಿರಿದೆಂದು ದೊಡ್ಡಮ್ಮನನ್ನು ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ್ದರು. ಮೂವತ್ತೆಂಟು ವರ್ಷ ಅವಳು ಶಾಲೆಯ ಸಮವಸ್ತ್ರಗಳನ್ನು ಕತ್ತರಿಸಿದ್ದು ಅದೇ ಮೇಜಿನ ಮೇಲೆ. ಕೊರಳಲ್ಲಿ ಸದಾ ಟೇಪು. ಹಾಗಾಗಿ ಬೀದಿಗೆಲ್ಲ ಟೇಪಕ್ಕ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆಣಕಿದರೆ, “ಎಲ್ರ ಅಳತೆನೂ ತಗೊಂಡೆ, ಒಬ್ಬರದ್ದೂ ಸರಿಹೋಗ್ಲಿಲ್ಲ,” ಎನ್ನುತ್ತಿದ್ದಳು.

“ವಾಹನ ಬರೋಕೆ ಇನ್ನೂ ಅರ್ಧ ಗಂಟೆಯಂತೆ,” ಎನ್ನುತ್ತ ನರ್ಸಮ್ಮ ಒಳಬಂದರು. ಬಳಗದ ಹಿರಿಯರು ಅವರು. “ಹೇಗೂ ಎಲ್ಲಾ ಸೇರಿದೀವಿ. ಈ ವರ್ಷದ್ದನ್ನ ಇಲ್ಲೇ, ಅವಳ ಎದುರಿಗೇ ತೀರ್ಮಾನ ಮಾಡಿಬಿಡೋಣ. ಅವಳ ಹೆಸರಲ್ಲೇ ಕೊಡೋಣ.”

ಬಳಗದ ಹೆಂಗಸರು ತಲೆಯಾಡಿಸಿದರು. ಬಸ್ಸು, ಬೇಕರಿ, ಆಸ್ಪತ್ರೆ, ಅಂಚೆ ಕಚೇರಿ ಎಂದು ಬೇರೆ ಬೇರೆ ಕಡೆ ದುಡಿಯುವ ಹನ್ನೆರಡು ಮಂದಿ ತಿಂಗಳಿಗಿಷ್ಟು ಎಂದು ಕೂಡಿಟ್ಟು, ವರ್ಷಕ್ಕೊಮ್ಮೆ ಊರಿನ ಒಂದು ಸೇವಾಸಂಸ್ಥೆಗೆ ಕೊಡುತ್ತಿದ್ದರು. ಕೊಡುವ ಮೊದಲು ಒಬ್ಬರು ಹೇಳದೆ ಕೇಳದೆ ಅಲ್ಲಿಗೆ ಹೋಗಿ, ನೋಡಿಬಂದು, ಒಂದು ಪುಟ ಬರೆಯಬೇಕು. ಕೊನೆಗೆ ‘ಕೊಡಬಹುದು’ ಇಲ್ಲವೇ ‘ಬೇಡ’. ಬೇಡವೆಂದ ಜಾಗದ ಮಾತನ್ನು ಮೂರು ವರ್ಷ ಎತ್ತುವಂತಿಲ್ಲ. ಹೋದವರ ಹೆಸರು ಬರೆಯುವ ರೂಢಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಒಂಬತ್ತು ವರ್ಷದಿಂದ ಹೋಗುತ್ತಿದ್ದವಳು ಟೇಪಕ್ಕನೇ. ಅವಳ ಅಕ್ಷರ ಅವಳಿಗೇ ಓದಲು ಬಾರದು. ಅದಕ್ಕೇ ಅವಳು ಹೇಳಿದ್ದನ್ನು, ಡಿಗ್ರಿ ಮುಗಿಸಿ ಜೊತೆಗಿದ್ದ ತಂಗಿಯ ಮಗಳು ಬರೆದುಕೊಡುತ್ತಿದ್ದಳು.

*

ಹೋದ ವರ್ಷ ದೊಡ್ಡಮ್ಮನ ಮಂಡಿ ಊದಿಕೊಂಡಿತ್ತು.

“ಈ ಸಲ ನೀನೇ ಹೋಗ್ಬಾ. ಮರೆವಿನ ಕಾಯಿಲೆ ಇರೋ ವಯಸ್ಸಾದೋರನ್ನ ಹಗಲು ಹೊತ್ತು ನೋಡ್ಕೊಳ್ಳೋ ಮನೆ. ಮುಂದಿನ ಕೋಣೆ ಎಲ್ರೂ ತೋರಿಸ್ತಾರೆ, ನೀನು ಬಚ್ಚಲು ನೋಡು. ಟವೆಲ್ ಒಣಗಿದ್ಯಾ ನೋಡು. ಅಡುಗೆಯವಳು ಅವರ ಜೊತೆಗೇ ಕೂತು ತಿಂತಾಳಾ ನೋಡು.”

“ಯಾರು ನೀನು ಅಂದ್ರೆ?”

“ಬಾಯಾರಿಕೆ, ನೀರು ಕೊಡಿ ಅನ್ನು. ಅದನ್ನ ಕೊಡೋ ರೀತೀಲೇ ಅರ್ಧ ಗೊತ್ತಾಗುತ್ತೆ.”

ಅವಳು ಹೋದಳು. ಹಸಿರು ಗೇಟಿನ ಎದುರು ‘ಬಾಯಾರಿಕೆ, ನೀರು ಕೊಡಿ’ ಎಂಬ ಮೂರು ಮಾತನ್ನೇ ಬಾಯಿಪಾಠ ಮಾಡುತ್ತ ನಿಂತಳು. ಒಳಗೆ ಯಾರೋ ಮುದುಕರು ಕೂಗಿಕೊಂಡರು. ಏನೋ ಬಿದ್ದು ಒಡೆಯಿತು. ಕಿಟಕಿಯಲ್ಲಿ ಕಂಡ ಮುಖವೊಂದು ತನ್ನನ್ನೇ ನೋಡುತ್ತಿದೆ ಎನ್ನಿಸಿದ್ದೇ ತಡ, ಕಾಲುಗಳು ತಾವಾಗಿಯೇ ತಿರುಗಿದವು. ಮಧ್ಯಾಹ್ನವನ್ನೆಲ್ಲ ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದು, ಮನೆಗೆ ಬಂದು ಬರೆದಳು: ಒಳಗೆ ಕೂಗಾಟ, ಅಚ್ಚುಕಟ್ಟಿಲ್ಲ, ಬೇಡ.

“ಬಚ್ಚಲು ನೋಡಿದ್ಯಾ?”

“ನೋಡ್ದೆ.”

“ನೀರು ಕೊಟ್ರಾ?”

“ಹ್ಞೂಂ.”

ದೊಡ್ಡಮ್ಮ ಕನ್ನಡಕದ ಮೇಲಿಂದ ಅವಳನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ಪುಟವನ್ನು ಮಡಚಿ ನರ್ಸಮ್ಮನಿಗೆ ಕಳಿಸಿಕೊಟ್ಟಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಮಂಡಿ ಸರಿಹೋದ ಮೇಲೆ ಮಾತ್ರ ಗುರುವಾರ ಮಧ್ಯಾಹ್ನ ಅಂಗಡಿಗೆ ಬೀಗ ಬೀಳತೊಡಗಿತು. ಎಲ್ಲಿಗೆ ಎಂದರೆ, “ಹೊಲಿಗೆ ಕೊಡೋದಿದೆ” ಎನ್ನುವಳು. ಅದನ್ನಾದರೂ ಇನ್ನೊಮ್ಮೆ ಕೇಳಬಹುದಿತ್ತು. ಹಸಿರು ಗೇಟಿನ ಕಡೆಗೇ ಎಂಬ ಅನುಮಾನ ಇದ್ದುದರಿಂದಲೇ ಇವಳು ಕೇಳಲಿಲ್ಲ.

*

“ಟೇಪಕ್ಕನ ಅಂಗಡಿ ಇದೇನಾ?”

ಬಾಗಿಲಲ್ಲಿ ನಿಂತ ಹೆಂಗಸು ಅವಸರದಲ್ಲಿ ಏಪ್ರನ್ ಬಿಚ್ಚುವುದನ್ನೂ ಮರೆತು ಬಂದಿದ್ದಳು. ಅವಳ ತೋಳು ಹಿಡಿದಿದ್ದ ಮುದುಕ ನೇರವಾಗಿ ಮೇಜಿನ ಬಳಿ ಹೋಗಿ ಬಾಗಿದ.

“ಗುರುವಾರ ಅಲ್ವಾ? ಏಳಮ್ಮ, ಹೊತ್ತಾಯ್ತು.”

“ಇವತ್ತು ಸೋಮವಾರ, ತಾತ.”

“ಹಾಗಾದ್ರೆ ಮಲಗ್ಲಿ ಬಿಡು,” ಎಂದು ಅವನು ಕುರ್ಚಿಯಲ್ಲಿ ಕೂತ.

ಹೆಂಗಸು ನರ್ಸಮ್ಮನತ್ತ ತಿರುಗಿದಳು. “ಹಗಲುಮನೆ ನಡೆಸ್ತೀನಿ ನಾನು. ವರ್ಷದಿಂದ ಒಂದು ಗುರುವಾರನೂ ತಪ್ಪಿಸ್ಲಿಲ್ಲ ಅವರು. ಬೆರಳು ಓಡದೋರ ಅಂಗಿ ಗುಂಡಿ ಎಲ್ಲಾ ಕಿತ್ತು, ಒತ್ತಿದ್ರೆ ಕೂರೋ ಟಿಚ್ ಬಟನ್ ಹಾಕ್ಕೊಟ್ರು. ಈಗ ತಾತ ತಾವೇ ಅಂಗಿ ಹಾಕ್ಕೊಳ್ತಾರೆ. ಮುಂದಿನ ತಿಂಗಳು ಮನೆ ಮುಚ್ತಿದೀವಿ, ಅದನ್ನ ಅವರಿಗೆ ಹೇಳೋಕೇ ಬಾಯಿ ಬಂದಿರ್ಲಿಲ್ಲ. ಹೇಳೋದು ತಪ್ಪಿತು.”

“ಮುಚ್ತೀರಾ? ಯಾಕೆ?”

“ಬಿಡಿ ಅಮ್ಮ. ಇವತ್ತು ದುಡ್ಡಿನ ಮಾತು ಬೇಡ.”

ಕಂಡಕ್ಟರಕ್ಕ ಪಿಸುಗುಟ್ಟಿದಳು. ಅವಳ ಪಿಸುಮಾತು ಬೀದಿಗೂ ಕೇಳಿಸುತ್ತಿತ್ತು. “ಹಸಿರು ಗೇಟಿನ ಮನೆ ತಾನೆ? ಬೇಡ ಅಂದಿದ್ದು ಟೇಪಕ್ಕನೇ!”

“ಹಾಗೆ ಎದುರಿಗೊಂದು ಬೆನ್ನ ಹಿಂದೊಂದು ಮಾಡೋಳಲ್ಲ ಅವಳು,” ಎಂದಳು ಬೇಕರಿಯವಳು.

“ಪುಟ ನಾನೇ ಓದಿದೀನಿ ಕಣೇ. ಕೂಗಾಟ, ಅಚ್ಚುಕಟ್ಟಿಲ್ಲ. ನಮ್ಮ ಬಾಯಿ ಮುಚ್ಚಿಸಿ ತಾನು ಮಾತ್ರ ಪುಣ್ಯ ಕಟ್ಕೊಂಡ್ಲಾ ಹಾಗಾದ್ರೆ? ನನಗಂತೂ ತಲೆ ಕೆಟ್ಟುಹೋಯ್ತು,” ಎಂದಳು ಕಂಡಕ್ಟರಕ್ಕ.

ಹಗಲುಮನೆಯವಳು ಮೇಜಿನ ಕಡೆ ನೋಡಿದಳು. “ಅವರೇ ಬೇಡ ಅಂದ್ರಾ?” ಅವಳು ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, “ಬನ್ನಿ ತಾತ, ಹೋಗೋಣ,” ಎಂದಳು.

ನರ್ಸಮ್ಮ ನಿಟ್ಟುಸಿರಿಟ್ಟರು. “ಅವಳೇ ಬೇಡ ಅಂದ ಜಾಗಕ್ಕೆ ಅವಳ ಹೆಸರಲ್ಲಿ ಕೊಡೋಕಾಗಲ್ಲ. ಬೇರೆ ಯಾವ್ದಾದ್ರೂ ಹೇಳಿ.”

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಯಾರಿಗೂ ಹುಡುಗಿಯ ಮೇಲೆ ಅನುಮಾನವಿರಲಿಲ್ಲ, ಕೇಳುವವರೂ ಇರಲಿಲ್ಲ. ಗೊತ್ತಿದ್ದ ಒಬ್ಬಳು ಮೇಜಿನ ಮೇಲೆ ಮಲಗಿದ್ದಳು. ಇನ್ನು ಹತ್ತು ನಿಮಿಷಕ್ಕೆ ಎರಡು ನಾಲಿಗೆಯವಳೆಂಬ ಹೆಸರು ಹೊತ್ತು ಅವಳೂ ಹೋಗುವಳು.

“ಅದು ದೊಡ್ಡಮ್ಮ ಅಲ್ಲ,” ಎಂದಳು ಹುಡುಗಿ. ನೆಲ ನೋಡುತ್ತ, ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು.

“ಏನಂದೆ? ಈ ಕಿವಿ ಕೇಳಲ್ಲ ಅಂತ ಗೊತ್ತಿಲ್ವೇನೆ? ಎದ್ದು ನಿಂತು ಹೇಳು,” ಎಂದರು ನರ್ಸಮ್ಮ.

ಅವಳು ಎದ್ದು ನಿಂತಳು. ಬಳಗದ ಹನ್ನೊಂದು ಮುಖಗಳೂ ತಿರುಗಿದವು. ಹೊರಗೆ ವಾಹನ ಬಂದು ನಿಂತಿತ್ತು. ಸ್ಟ್ರೆಚರ್ ಹಿಡಿದ ಇಬ್ಬರು, ಒಳಗೆ ಬರಬಹುದೋ ಇಲ್ಲವೋ ತಿಳಿಯದೆ, ಹೊಸ್ತಿಲ ಆಚೆಗೇ ತಡೆದು ನಿಂತರು. ಬಾಗಿಲ ಹತ್ತಿರ ಹೋಗಿದ್ದ ಮುದುಕ, ಕರೆದುಕೊಂಡು ಹೋಗುತ್ತಿದ್ದವಳ ಕೈ ಬಿಡಿಸಿಕೊಂಡು, ಏನು ಹೇಳುತ್ತಾಳೋ ಕೇಳೋಣವೆಂಬಂತೆ ಮತ್ತೆ ಕೂತ.

“ಅಲ್ಲಿಗೆ ಹೋಗಿದ್ದು ನಾನು,” ಎಂದಳು, ಬೀದಿಗೂ ಕೇಳುವಷ್ಟು ಗಟ್ಟಿಯಾಗಿ. “ನಾನು ಒಳಗೇ ಹೋಗ್ಲಿಲ್ಲ.”