ಗಿಡಗಳ ಹಗಲು

"ಇನ್ನೊಂದ್ಸಲ ಹಾಕಿ," ಎಂದ ಅವನು.

ಅಂಗಡಿಯವನು ನಿಟ್ಟುಸಿರು ಬಿಟ್ಟು ಸ್ವಿಚ್ ಒತ್ತಿದ. ಕೇಳಿದವನು ಕಣ್ಣು ಮುಚ್ಚಿ ಫ್ಯಾನಿನ ಹತ್ತಿರ ಕಿವಿಯಿಟ್ಟು ನಿಂತ. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಪಕ್ಕದಂಗಡಿಯಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು. ಆ ಗದ್ದಲದಲ್ಲಿ ಎಲ್ಲ ಫ್ಯಾನುಗಳೂ ಸಾಧುಗಳೇ.

"ಸ್ವಾಮಿ, ನೀವು ಫ್ಯಾನ್ ತಗೊಳ್ಳೋಕೆ ಬಂದಿದೀರೋ, ಸಂಗೀತ ಕೇಳೋಕೆ ಬಂದಿದೀರೋ?"

"ನನ್ನ ಹೆಂಡ್ತಿ ನರ್ಸು. ರಾತ್ರಿ ಪಾಳಿ, ಹಗಲು ಮಲಗ್ತಾಳೆ. ಫ್ಯಾನ್ ಕೂರಿಸೋ ಗೋಡೆ ಆಚೆಗೇ ಅವಳ ಮಂಚ."

"ಹಾಗಾದ್ರೆ ಈ ಚಿಕ್ಕದು. ತಿರುಗ್ತಾ ಇದೀನಿ ಅಂತ ಇದಕ್ಕೇ ಗೊತ್ತಿರಲ್ಲ. ಆದ್ರೆ ನೀವು ಹೇಳಿದ ಆ ಗಿಡದ ದೀಪಗಳ ಬಿಸಿನೆಲ್ಲ ಎಳೆಯುತ್ತೆ ಅಂತ ನಾನು ಮಾತು ಕೊಡಲ್ಲ. ಎಳೀಬೇಕು ಅಂದ್ರೆ ಆ ದೊಡ್ಡದು. ಅದು ಮಾತ್ರ ಸ್ವಲ್ಪ ಬಾಯಿಬಡುಕ."

ಅವನು ಚಿಕ್ಕದನ್ನು ಎತ್ತಿದ, ಇಟ್ಟ. ದೊಡ್ಡದರ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿದ. ಬಾಗಿಲ ತನಕ ಹೋಗಿ ವಾಪಸು ಬಂದ. ಕೊನೆಗೆ ಚಿಕ್ಕದನ್ನೇ ಕಟ್ಟಿಸಿಕೊಂಡ.

ನಾಟಕ ಮಂದಿರದಲ್ಲಿ ದೀಪ ನಿಭಾಯಿಸುತ್ತಿದ್ದವನು ಅವನು. ನಟರೆಲ್ಲ ಲೈಟ್ ಮಾಮ ಎಂದೇ ಕರೆಯುತ್ತಿದ್ದರು. ಮಂದಿರ ಮುಚ್ಚಿದ ಮೇಲೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸರಿಯಾಗಿದ್ದ ನಲ್ಲಿಯನ್ನು ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಕೂಡಿಸುವುದು. ಹೀಗಿರುವಾಗ ನರ್ಸರಿಯೊಂದು ಬೇಡವೆಂದ ಹಳೆಯ ಮಾದರಿಯ, ಬಿಸಿಲಿಲ್ಲದೆಡೆ ಗಿಡ ಬೆಳೆಸುವ ದೀಪಗಳು ಸಿಕ್ಕವು. ಕಿಟಕಿಯಿಲ್ಲದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ, ಹಲಗೆ ಜೋಡಿಸಿ, ತಟ್ಟೆಗಳಲ್ಲಿ ಸಾಸಿವೆ, ಮೂಲಂಗಿಯ ಎಳೆ ಸೊಪ್ಪು ಬೆಳೆದ. ಹೋಟೆಲೊಂದರ ಬಾಣಸಿಗ ಎಲೆ ಚಿವುಟಿ ಬಾಯಿಗೆ ಹಾಕಿಕೊಂಡು, "ತಪ್ಪಿಸದೆ ಕೊಡ್ತೀರಾ?" ಎಂದು ಕೇಳಿದ ದಿನ ಅವನು ಮನೆತನಕ ಹೆಚ್ಚುಕಡಿಮೆ ಓಡಿಯೇ ಬಂದಿದ್ದ. ದಿನಾ ಬೆಳಗಾದ ಕೂಡಲೆ ದೀಪ ಹಾಕುವುದು, ಸಂಜೆ ಆರಿಸುವುದು. ಬದುಕಿಗೆ ಮತ್ತೆ ಒಂದು ಲಯ ಬಂದಿತ್ತು. ಬೇಸಿಗೆ ಬಂತು ನೋಡಿ, ದೀಪಗಳ ಕಾವು ಕೋಣೆಯಲ್ಲೇ ಕಟ್ಟಿ ನಿಂತು ಸಸಿಗಳು ಕತ್ತು ಚೆಲ್ಲತೊಡಗಿದವು.

ಚಿಕ್ಕ ಫ್ಯಾನು ಅಂಗಡಿಯವನು ಹೇಳಿದ ಹಾಗೇ ಇತ್ತು. ಸದ್ದೂ ಇಲ್ಲ, ಗಾಳಿಯೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಣೆ ಒಲೆಯಾಯಿತು. ಮರುದಿನ ಅಂಗಡಿಗೆ ಹೋದರೆ, ದೊಡ್ಡದು ಆಗಲೇ ಡಬ್ಬದಲ್ಲಿ ತಯಾರಾಗಿ ಕೂತಿತ್ತು.

"ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದ ಅಂಗಡಿಯವನು.

ದೊಡ್ಡದು ಬಿಸಿಯನ್ನೆಲ್ಲ ಎಳೆದು ಕೊಳವೆಯಲ್ಲಿ ಮನೆ ಹಿಂದಿನ ಗೋದಾಮಿನ ಕಡೆಗೆ ದಬ್ಬಿತು. ಸಸಿಗಳು ತಲೆಯೆತ್ತಿದವು. ಆದರೆ ಗೋಡೆಯೇ ಗುಂಯ್‌ಗುಡತೊಡಗಿತು. ಅವನು ಫ್ಯಾನನ್ನು ಗೋಡೆಯಿಂದ ಬಿಚ್ಚಿ ರಬ್ಬರ್ ಪಟ್ಟಿಗಳಲ್ಲಿ ಜೋತುಹಾಕಿದ. ರೆಗ್ಯುಲೇಟರ್ ಕೂಡಿಸಿದ. ಕೊಳವೆಗೆ ಹಳೇ ಕೌದಿ ಸುತ್ತಿದ. ವೇಗ ತಗ್ಗಿಸಿದರೆ ಕೋಣೆ ಕಾಯುತ್ತಿತ್ತು, ಏರಿಸಿದರೆ ಗೋಡೆ ಗುಂಯ್‌ಗುಡುತ್ತಿತ್ತು. ರೆಗ್ಯುಲೇಟರ್ ತಿರುಗಿಸಿದಾಗಲೆಲ್ಲ ಮಲಗುವ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅವಳು ದಿಂಬನ್ನು ಕಿವಿಯ ಮೇಲೆ ಒತ್ತಿಕೊಂಡು ಮಲಗಿರುತ್ತಿದ್ದಳು.

"ಈಗ ಕೇಳಿಸ್ತಿದೆಯಾ?"

"ಫ್ಯಾನಿಗಿಂತ ನೀವು ಬಂದು ಕೇಳೋದೇ ಜಾಸ್ತಿ ಕೇಳಿಸ್ತಿದೆ ಕಣ್ರೀ."

ಒಂದು ಬೆಳಿಗ್ಗೆ ಅವಳು ಕೆಲಸದಿಂದ ಬಂದವಳು ಬಟ್ಟೆಯನ್ನೂ ಬದಲಿಸದೆ ಮಂಚದ ತುದಿಯಲ್ಲಿ ಕೂತಳು. ಅವನು ಕಾಫಿ ತಂದು ಹಿಡಿದ. ಅವಳು ಕೈ ಚಾಚಲಿಲ್ಲ.

"ಇವತ್ತು ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡೋಳಿದ್ದೆ," ಎಂದಳು. "ಸೂಜಿ ಹಿಡಿದು ಬಗ್ಗಿದ್ದೆ. ಪಕ್ಕದ ಹಾಸಿಗೆ ಅಜ್ಜಿ, ‘ಅದು ನಂದಲ್ವೇನಮ್ಮಾ’ ಅಂದ್ರು. ಆಯಮ್ಮ ನಿದ್ದೆ ಮಾಡ್ತಿದ್ದಿದ್ರೆ..."

ಅವನು ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಗಳಿಗೆ ಸುತ್ತ ನೋಡಿದ. ಆಮೇಲೆ ಹೋಗಿ ದೀಪಗಳನ್ನೂ ಫ್ಯಾನನ್ನೂ ಆರಿಸಿ ಬಂದ.

"ಎಲ್ಲಾ ತೆಗೆದುಬಿಡ್ತೀನಿ."

"ತೆಗೆದು? ಮತ್ತೆ ಇಡೀ ಮನೆ ಸುತ್ತುತಾ ಇರ್ತೀರಿ. ಫ್ಯಾನಿಗಾದ್ರೂ ಒಂದು ಸ್ವಿಚ್ಚಿದೆ."

ಅವನಿಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ. ಅವಳು ಮಲಗಿದಳು. ಅವನು ಕತ್ತಲ ಕೋಣೆಯಲ್ಲಿ ತಟ್ಟೆಗಳ ನಡುವೆ ನಿಂತ. ಬಾಣಸಿಗನಿಗೆ ಏನು ಹೇಳುವುದು, ನಾಳೆ ಎದ್ದು ಏನು ಮಾಡುವುದು? ಒಂದು ತಟ್ಟೆಯನ್ನು ಮೇಲಿನಿಂದ ಕೆಳಗಿಟ್ಟ, ಕೆಳಗಿನದನ್ನು ಮೇಲಕ್ಕೆ. ಮನೆ ಇಷ್ಟು ಸದ್ದಿಲ್ಲದೆ ಇದ್ದು ಎಷ್ಟೋ ಕಾಲವಾಗಿತ್ತು. ಆದರೂ ಅವಳು ಹೊರಳುವುದು ಕೇಳುತ್ತಲೇ ಇತ್ತು.

"ರೀ," ಎಂದಳು ಮಲಗಿದಲ್ಲಿಂದಲೇ. "ಆ ಕೋಣೆಗೆ ಕಿಟಕಿನೇ ಇಲ್ಲ. ಬೆಳಗಾಯ್ತು ಅಂತ ಗಿಡಕ್ಕೆ ಯಾರು ಹೇಳ್ತಾರೆ?"

"ನಾನೇ. ದೀಪ ಹಾಕಿ."

"ಹಾಗಾದ್ರೆ ರಾತ್ರಿ ಹೇಳಿ. ನಾನು ರಾತ್ರಿನ ಹಗಲು ಮಾಡ್ಕೊಂಡಿಲ್ವಾ? ಅವೂ ಮಾಡ್ಕೊಳ್ಳಲಿ."

ಅವನು ಬಾಗಿಲಿಗೆ ಬಂದ. "ಮತ್ತೆ ನಾನು?"

"ನೀವು ರಾತ್ರಿ ನೆಟ್ಟಗೆ ಮಲಗಿದ್ದು ಯಾವತ್ತು ಹೇಳಿ?"

ನಾಟಕ ಮಂದಿರದ ವರ್ಷಗಳಲ್ಲಿ ರಾತ್ರಿಯೇ ಅವನ ಹೊತ್ತು. ಈಗಲೂ ಅವಳು ಪಾಳಿಗೆ ಹೋದ ಮೇಲೆ ಅವನು ಖಾಲಿ ಹಾಸಿಗೆಯಲ್ಲಿ ಹೊರಳಾಡಿ, ಎದ್ದು ನಲ್ಲಿ ಬಿಚ್ಚುತ್ತಿದ್ದ. ಅದು ಅವಳಿಗೆ ಗೊತ್ತಿದೆಯೆಂದು ಅವನು ತಿಳಿದಿರಲಿಲ್ಲ.

ಆ ಸಂಜೆ ಅವಳು ಕೆಲಸಕ್ಕೆ ಹೊರಡುವಾಗ ಅವನು ದೀಪ ಹಾಕಿದ. ರಾತ್ರಿಯ ತಣ್ಣನೆ ಗಾಳಿಗೆ ಫ್ಯಾನು ಅರ್ಧ ವೇಗದಲ್ಲೇ ಸಾಕಾಯಿತು. ಮೊದಮೊದಲು ಬೆಳಿಗ್ಗೆ ಅವನಿಗೆ ನಿದ್ದೆ ಹತ್ತಲಿಲ್ಲ; ಅವಳ ಪಕ್ಕ ಕಣ್ಣು ಬಿಟ್ಟುಕೊಂಡು, ಅಲುಗಿದರೆ ಎಚ್ಚರವಾದಾಳೆಂದು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದ. ಸೊಪ್ಪು ಮಾತ್ರ ಹೋಟೆಲಿಗೆ ತಪ್ಪದೆ ಹೋಗುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂದಿದ್ದ ಒಂದು ಮುಂಜಾನೆ, ಅವನು ದೀಪ ಆರಿಸುವ ಹೊತ್ತಿಗೆ ಅವಳು ಬಂದಳು. ಚೀಲ ಇಳಿಸಿ ನೇರ ಆ ಕೋಣೆಗೇ ಹೋಗಿ, ಗೋಡೆಗೊರಗಿ ನೆಲದ ಮೇಲೆ ಕೂತಳು. "ಎಷ್ಟು ಬೆಚ್ಚಗಿದೆ ಇಲ್ಲಿ," ಎನ್ನುತ್ತ ಕೆಳಗಿನ ತಟ್ಟೆಯ ಎಲೆಗಳ ಮೇಲೆ ಅಂಗೈ ಆಡಿಸಿದಳು. ಅವನು ಕಾಫಿ ಮಾಡಿ ತರುವಷ್ಟರಲ್ಲಿ ಆ ಕೈ ಅಲ್ಲೇ ನಿಂತಿತ್ತು. ತಲೆ ಭುಜಕ್ಕೆ ವಾಲಿತ್ತು.

ಎಬ್ಬಿಸಬೇಕೋ ಬೇಡವೋ ತಿಳಿಯದೆ ಅವನು ಹೊಸ್ತಿಲಲ್ಲಿ ನಿಂತ. ತಣಿಯುತ್ತಿದ್ದ ದೀಪದ ತಗಡು ಒಮ್ಮೆ ಟಿಕ್ಕೆಂದಿತು. ಅವನು ಬೆಚ್ಚಿ ಅವಳತ್ತ ನೋಡಿದ. ಅವಳು ಅಲುಗಲಿಲ್ಲ. ಒದ್ದೆ ಎಲೆಯೊಂದು ಅವಳ ಬೆರಳಿಗೆ ಅಂಟಿಕೊಂಡಿತ್ತು.