ಒಂದೇ ಸಾಲು ತೋರಿಸುವ ರಟ್ಟು

ನಾನು ಒಂದು ರಟ್ಟಿನ ಚೂರು. ಅಂಗೈಯಗಲ ಇದ್ದೇನೆ, ನಡುವೆ ಪುಸ್ತಕದ ಒಂದೇ ಒಂದು ಸಾಲು ಕಾಣುವಷ್ಟು ಸೀಳು. ಮೊದಲು ಬಿಸ್ಕತ್ತಿನ ಡಬ್ಬವಾಗಿದ್ದೆ. ತಾಲ್ಲೂಕಿನ ಶಿಕ್ಷಕರ ತರಬೇತಿಯಲ್ಲಿ ಚಹಾ ಮುಗಿದ ಮೇಲೆ ಅನಸೂಯಾ ಅಕ್ಕೋರು ಅಲ್ಲಿ ಹೇಳಿಕೊಟ್ಟಂತೆ ನನ್ನನ್ನು ಬ್ಲೇಡಿನಿಂದ ಕೊಯ್ದು ತೆಗೆದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು.

ಕಲಿಕೆಯಲ್ಲಿ ತೊಡಕಿರುವ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದೇ ಆ ದಿನದ ಪಾಠ. ಅಕ್ಕೋರದು ಇಪ್ಪತ್ಮೂರು ವರ್ಷದ ಸರ್ವಿಸು. "ನಮ್ಮ ಸಾಲ್ಯಾಗ ಅಂಥಾವ್ರು ಯಾರೂ ಇಲ್ಲರೀ. ಹಿಂದ ಕುಂಡ್ರೋ ನಾಕು ಮಂದಿ ಮೈಗಳ್ಳರು, ಅಷ್ಟ," ಎಂದರು.

ತರಬೇತಿ ಕೊಡುತ್ತಿದ್ದ ಝರೀನಾ ಮೇಡಂ ಅಕ್ಷರಗಳನ್ನು ತಿರುವುಮುರುವು ಮಾಡಿ ಅಚ್ಚು ಹಾಕಿಸಿದ್ದ ಒಂದು ಹಾಳೆ ಕೊಟ್ಟು, "ಎದ್ದು ನಿಂತು ಓದ್ರಿ. ಲಗೂನ," ಎಂದು ಅವಸರ ಮಾಡಿದರು. ಅಕ್ಕೋರು ಮೂರನೆಯ ಪದಕ್ಕೇ ನಿಂತರು. ಕೋಣೆಯೆಲ್ಲ ನಕ್ಕಿತು.

"ಯಾಕ್ರೀ, ಮನ್ಯಾಗ ಓದಿಕೊಂಡು ಬಂದಿಲ್ಲೇನು?" ಎಂದರು ಮೇಡಂ.

ಅದು ಅಕ್ಕೋರು ದಿನಾ ಮಕ್ಕಳಿಗೆ ಹೇಳುವ ಮಾತು. ಅವರು ಹಾಳೆಯನ್ನು ಮಡಚಿ ನನ್ನ ಜತೆ ಪರ್ಸಿಗೆ ಹಾಕಿಕೊಂಡರು.

ಮರುದಿನ ಐದನೆಯ ತರಗತಿ. ಅಕ್ಕೋರು ನನ್ನನ್ನು ನೇರ ಹಿಂದಿನ ಸಾಲಿಗೆ ಒಯ್ದರು. ಅಲ್ಲಿದ್ದವರು ತಡವರಿಸಿದರೂ ಓದಿದರು. ಸರಿಯಾಗಿ ತೋರಿಸಿಕೊಡಲಿ ಎಂದು ಕೊನೆಗೆ ನೀಲಾಂಬಿಕಾಳನ್ನು ಕರೆದರು. ಅಕ್ಕೋರು ಆಫೀಸಿಗೆ ಹೋದಾಗಲೆಲ್ಲ ಮುಂದೆ ನಿಂತು ಪಾಠ ಹೇಳಿಸುವವಳು ನೀಲಾಂಬಿಕಾ. ಅವಳು ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಕೂಗುವುದು. ಇದು ಆ ಶಾಲೆಯ ರೂಢಿ.

ಅಕ್ಕೋರು ನನ್ನನ್ನು ಪುಟದ ನಟ್ಟನಡುವೆ ಇಟ್ಟರು. ಹುಡುಗಿ ಪಾಠದ ಮೊದಲ ಸಾಲಿನಿಂದ ಪಟಪಟನೆ ಶುರುಮಾಡಿದಳು. ಕೆಳಗಿನಿಂದ ನೋಡುತ್ತಿದ್ದ ನನಗೆ ತಿಳಿಯಿತು, ಅವಳ ಕಣ್ಣು ಗೋಡೆಯ ಮೇಲಿತ್ತು.

"ಅದಲ್ಲವ್ವಾ, ಇಲ್ಲಿ ಕಾಣತೈತಲ್ಲ, ಅದನ್ನ ಓದು."

ಅವಳು ಮತ್ತೆ ಮೊದಲ ಸಾಲನ್ನೇ ಹೇಳಿದಳು. ಯಾರೋ ಕೂಗಿದರು, "ಏ, ನೀಲಾಗ ಓದಾಕ ಬರಂಗಿಲ್ಲ!"

ನಾಲ್ಕು ದಿನ ಅವಳು ಶಾಲೆಗೆ ಬರಲಿಲ್ಲ. ಐದನೆಯ ದಿನ ಅಕ್ಕೋರು ನನ್ನನ್ನು ಪರ್ಸಿನಲ್ಲಿಟ್ಟುಕೊಂಡು ಅವಳ ಮನೆಗೇ ಹೋದರು.

"ಸಾಲಿ ಬ್ಯಾಡ, ಹೊಲಿಗಿ ಕಲೀತೀನಿ ಅಂತಾಳ್ರೀ. ನಾನಂತೂ ಹೇಳಿ ಸಾಕಾತು," ಎಂದಳು ತಾಯಿ.

ಬಾಗಿಲ ಹಿಂದಿನಿಂದ ದನಿ ಬಂತು: "ಎಲ್ಲಾರೂ ನಗ್ತಾರ್ರೀ ಅಕ್ಕೋರ."

"ನನಗೂ ನಕ್ಕಾರವಾ. ನಲವತ್ತು ಮಂದಿ ಮಾಸ್ತರು, ಒಮ್ಮೆಲೇ."

ಹುಡುಗಿ ಇಣುಕಿದಳು. "ನಿಮಗೂ ಓದಾಕ ಬರಂಗಿಲ್ಲೇನ್ರೀ?"

"ಅವತ್ತು ಬರಲಿಲ್ಲ." ಅಕ್ಕೋರು ಕಟ್ಟೆಯ ಮೇಲೆ ಕೂತರು. "ನೀ ಕೇಳಿ ಕೇಳಿ ಬಾಯಿಪಾಠ ಮಾಡಿದ್ದನ್ನ ನಾ ಓದು ಅಂತ ತಿಳಕೊಂಡೆ, ತಂಗಿ. ತಪ್ಪು ನಂದು. ಇನ್ನ ದಿನಕ್ಕ ಒಂದ ಸಾಲು. ಯಾರೂ ಕೇಳಬಾರದು, ನಾವಿಬ್ಬರ."

ಸೋಮವಾರ ಅವಳು ಬಂದಳು.

ಆಮೇಲಿನ ಎರಡು ವರ್ಷ ನಾನು ಬಿಡುವಿಲ್ಲದೆ ದುಡಿದೆ. ಊಟದ ಬಿಡುವಿನಲ್ಲಿ, ಜಗಲಿಯ ಮೂಲೆಯಲ್ಲಿ. ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ನನ್ನ ಸೀಳಿನಲ್ಲಿ ಅದೇ ಅಕ್ಷರ ಹುಡುಕುವುದು. ಝರೀನಾ ಮೇಡಂ ಬಂದು ಪರೀಕ್ಷೆ ಮಾಡಿ, ಇವಳಿಗೆ ಬರೆಯಲು ಹೆಚ್ಚು ಹೊತ್ತು ಕೊಡಬೇಕೆಂದು ಕಾಗದ ಬರೆದುಕೊಟ್ಟರು. ಕೆಲವು ದಿನ ಅರ್ಧ ಸಾಲಿಗೇ ಅಳು. ಒಮ್ಮೆ ಸಿಟ್ಟಿಗೆ ನನ್ನನ್ನು ಅಂಗಳಕ್ಕೆ ಎಸೆದದ್ದೂ ಉಂಟು. ತಾನೇ ಹೋಗಿ ಆರಿಸಿಕೊಂಡು ಬಂದಳು.

ಈಗ ನನಗೆ ವಯಸ್ಸಾಗಿದೆ. ಮೂಲೆಗಳು ಸವೆದಿವೆ, ಸೀಳು ಹರಿದು ಎರಡು ಸಾಲು ತೋರಿಸುತ್ತೇನೆ. ನೀಲಾಂಬಿಕಾಳ ಕಂಪಾಸ್ ಪೆಟ್ಟಿಗೆಯ ತಳದಲ್ಲಿ ಮಲಗಿದ್ದೇನೆ. ನನ್ನಿಂದ ಅವಳ ತೊಡಕೇನೂ ಹೋಗಲಿಲ್ಲ. ಉಳಿದ ಸಾಲುಗಳನ್ನು ಒಂದಿಷ್ಟು ಹೊತ್ತು ಮುಚ್ಚಿ ಹಿಡಿಯುವುದು ನನಗೆ ಬರುತ್ತಿತ್ತು. ಕಾಯುವ ಕೆಲಸ ಅಕ್ಕೋರದು.

ಮೊನ್ನೆ ಅವಳ ಹೈಸ್ಕೂಲಿಗೆ ಹೊಸ ಸರ್ ಬಂದರು. ಇನ್ನೂ ಮಾಡಿರದ ಒಂದು ಪಾಠ ತೆಗೆಸಿ, "ಏಳವಾ, ಓದು. ಲಗು ಲಗು," ಎಂದರು.

ಪೆಟ್ಟಿಗೆ ತೆರೆದೇ ಇತ್ತು, ನನ್ನನ್ನು ತೆಗೆಯಲಿಲ್ಲ. ಅವಳು ಎದ್ದು ನಿಂತು ಬೆರಳನ್ನು ಸಾಲಿನ ಕೆಳಗಿಟ್ಟಳು.

"ಲಗೂ ಬರಂಗಿಲ್ರೀ ಸರ್. ತಡೀರಿ, ಓದ್ತೀನಿ."

ಸರ್ ಕುರ್ಚಿ ಎಳೆದುಕೊಂಡು ಕೂತರು.